ತಕ್ಕಡಿಗೆ ಸಿಗದ ಲೆಕ್ಕ

ನಂಜನಗೂಡು ತಾಲ್ಲೂಕಿನ ಯಾವ ಕೆರೆಯಲ್ಲಿ ಬಲೆ ಎಳೆದು ದಪ್ಪನೆಯ ಕಾಟ್ಲ ಹಿಡಿದರೂ ಅದು ಆ ಕೆರೆಯಲ್ಲಿ ಹುಟ್ಟಿದ ಮೀನಲ್ಲ. ಹದಿನಾರು ಕೆರೆಯದಾಗಲಿ, ಕಳಲೆ ಕೆರೆಯದಾಗಲಿ, ಹೊಳೆಯಾಚೆ ತಿ. ನರಸೀಪುರದ ಕಡೆಯದಾಗಲಿ, ಇದೇ ಮಾತು. ಅದರ ಅಪ್ಪ ಅಮ್ಮ ಯಾವುದೋ ಮೀನುಮರಿ ಕೇಂದ್ರದಲ್ಲಿದ್ದಾರೆ. ಪೂರ್ವಿಕರು ಗಂಗಾ ಬಯಲಿನವರು. ರೋಹು, ಮೃಗಾಲ್‌ಗಳ ವಂಶಾವಳಿಯೂ ಅದೇ. ವರ್ಷ ವರ್ಷ ಮುಂಗಾರಿನಲ್ಲಿ ಕೆರೆಗೆ ನೀರು ಬಂದ ಮೇಲೆ ಪ್ಲಾಸ್ಟಿಕ್ ಚೀಲಗಳಲ್ಲಿ ಆಮ್ಲಜನಕ ತುಂಬಿಸಿಕೊಂಡು ಬಂದ ಮರಿಗಳನ್ನು ಬಿಡುತ್ತಾರೆ, ಅವು ಬೆಳೆಯುತ್ತವೆ, ಬೇಸಿಗೆಯ ಹೊತ್ತಿಗೆ ಬಲೆಗೆ ಬೀಳುತ್ತವೆ. ಮುಂದಿನ ಮಳೆಗಾಲಕ್ಕೆ ಮತ್ತೆ ಚೀಲ ಬರಬೇಕು.

ಕಾರಣ ಸರಳ. ಈ ಗೆಂಡೆಗಳು ಹೊಳೆಯ ಮೀನುಗಳು. ನಿಂತ ನೀರಿನಲ್ಲಿ ಹೆಣ್ಣಿನ ಹೊಟ್ಟೆ ತುಂಬ ಮೊಟ್ಟೆ ಕಟ್ಟುತ್ತದೆ, ಒಂದು ಕಿಲೋ ಮೈತೂಕಕ್ಕೆ ಲಕ್ಷಕ್ಕೂ ಹೆಚ್ಚು. ಆದರೆ ಕೆಂಪು ನೀರಿನ ಪ್ರವಾಹ, ತಗ್ಗು ಬಯಲಿಗೆ ಹರಡುವ ತೆಳು ನೀರು, ಸೆಳವು, ಇವೆಲ್ಲ ಕೂಡಿ ಬರದಿದ್ದರೆ ಮೊಟ್ಟೆ ಇಡುವ ಕಡೆಯ ಸಂಕೇತ ಮೆದುಳಿನಿಂದ ಹೊರಡುವುದಿಲ್ಲ. ಮೊಟ್ಟೆ ಒಳಗೇ ಕರಗಿ ಹೋಗುತ್ತದೆ. ಹಾಗಾಗಿ ಮೊದಲೆಲ್ಲ ಉತ್ತರದ ನದಿಗಳಲ್ಲಿ ಮೊಟ್ಟೆ, ಮರಿ ಸೋಸಿ ರೈಲಿನಲ್ಲಿ ದೇಶದ ಮೂಲೆ ಮೂಲೆಗೆ ಸಾಗಿಸುತ್ತಿದ್ದರು. ಆ ಸರಕಿನಲ್ಲಿ ಯಾವ ಜಾತಿಯ ಮರಿ ಎಷ್ಟಿತ್ತು ಎಂಬುದು ದೇವರಿಗೇ ಗೊತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಬೇರೊಂದು ಮೀನಿನ ತಲೆಯಿಂದ ತೆಗೆದ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ, ಪ್ರವಾಹವಿಲ್ಲದೆಯೇ ಗೆಂಡೆ ಮೊಟ್ಟೆ ಇಡುವಂತೆ ಮಾಡಿದರು. ದೇಶ ಇಂದಿಗೂ ಜುಲೈ 10ನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ. ನಮ್ಮ ಕೆರೆ ಮೀನುಗಾರಿಕೆ ಎಂಬುದು ನಿಂತಿರುವುದೇ ಆ ಚುಚ್ಚುಮದ್ದಿನ ಮೇಲೆ.

ಹಾಗಾದರೆ ಇಂಥ ಕೆರೆಯ ಮೀನುಗಳು ಆರೋಗ್ಯವಾಗಿವೆಯೇ ಎಂದು ಕೇಳಿದರೆ ಏನು ಅರ್ಥ? ಮಕ್ಕಳಿಲ್ಲದ ಊರಿನ ಜನಸಂಖ್ಯೆಯನ್ನು ಅಳೆದಂತೆ ಅದು. ಹುಟ್ಟಿನ ಪ್ರಮಾಣ ಅಲ್ಲಿ ಲೆಕ್ಕಕ್ಕೇ ಇಲ್ಲ. ಉಳಿದದ್ದು ಎರಡೇ ಪ್ರಶ್ನೆ: ಬಿಟ್ಟ ಮರಿಗಳಲ್ಲಿ ಎಷ್ಟು ಬದುಕಿದವು, ಬದುಕಿದವು ಎಷ್ಟು ಬೇಗ ಬೆಳೆದವು. ಇವೆರಡಕ್ಕೂ ಉತ್ತರ ಗೊತ್ತಿರುವ ಸಹಕಾರ ಸಂಘ ಸಿಗುವುದು ಅಪರೂಪ. ಎಲ್ಲರ ಬಳಿಯೂ ಇರುವುದು ಮೂರನೆಯ ಅಂಕಿ, ಒಟ್ಟು ಎಷ್ಟು ಕಿಲೋ ಮೀನು ತೂಗಿತು ಎಂಬುದು. ಗುತ್ತಿಗೆ ಹಣ ಹುಟ್ಟಿಸಲು ಅದು ಸಾಕು. ಮೀನಿನ ಸ್ಥಿತಿ ತಿಳಿಯಲು ಮಾತ್ರ ಅಷ್ಟು ಮೋಸದ ಅಂಕಿ ಇನ್ನೊಂದಿಲ್ಲ.

ಸಾವಿರ ಕಿಲೋ ಮೀನು ಸಿಕ್ಕಿತು ಎಂದುಕೊಳ್ಳಿ. ಅದು ತಲಾ ಎರಡೂವರೆ ಕಿಲೋದ 400 ಕಾಟ್ಲ ಆಗಿರಬಹುದು. ತಲಾ 50 ಗ್ರಾಮಿನ 20,000 ಜಿಲೇಬಿಯೂ ಆಗಿರಬಹುದು. ತಕ್ಕಡಿಗೆ ಎರಡೂ ಒಂದೇ.

ಜಿಲೇಬಿ ಎಂದು ನಮ್ಮ ಕಡೆ ಮೀನು ಮಾರುವವರು ಕರೆಯುವುದು ತಿಲಾಪಿಯಾವನ್ನು. ಆಫ್ರಿಕಾ ಮೂಲದ ಇದು ಭಾರತಕ್ಕೆ ಬಂದದ್ದು 1952ರಲ್ಲಿ, ಬಡವರಿಗೆ ಅಗ್ಗದ ಪ್ರೋಟೀನ್ ಎಂಬ ಒಳ್ಳೆಯ ಉದ್ದೇಶದಿಂದಲೇ. ಗೆಂಡೆಗೆ ಇಲ್ಲದ ಎಲ್ಲ ಅನುಕೂಲಗಳೂ ಇದಕ್ಕಿವೆ. ಪ್ರವಾಹ ಬೇಕಿಲ್ಲ. ಗಂಡು ಕೆರೆಯಂಚಿನ ಮಣ್ಣಿನಲ್ಲಿ ತಟ್ಟೆಯಂಥ ಗುಳಿ ತೋಡುತ್ತದೆ, ಹೆಣ್ಣು ಅಲ್ಲಿ ಮೊಟ್ಟೆ ಇಟ್ಟು ಮರುಕ್ಷಣವೇ ಬಾಯಿಯೊಳಗೆ ಎತ್ತಿಕೊಳ್ಳುತ್ತದೆ. ಕೆಲವು ನೂರು ಮೊಟ್ಟೆಗಳಷ್ಟೇ, ಆದರೆ ತಾಯಿಯ ಬಾಯಲ್ಲಿ ಕಾಪಾಡಿದ ಮೊಟ್ಟೆಗಳು. ವರ್ಷದಲ್ಲಿ ಹಲವು ಬಾರಿ. ಜಾಗ ಇಕ್ಕಟ್ಟಾದಷ್ಟೂ, ಮೇವು ಕಡಿಮೆಯಾದಷ್ಟೂ ಇದು ಬೆಳೆಯುವುದನ್ನು ಬಿಟ್ಟು ಬೇಗನೆ ಬಸುರಾಗುವ ದಾರಿ ಹಿಡಿಯುತ್ತದೆ. ಅಂಗೈ ಉದ್ದಕ್ಕೂ ಬಾರದ ಮೀನು ಮರಿ ಹಾಕುತ್ತಿರುತ್ತದೆ. ಹೀಗೆ ಗಿಡ್ಡಾದ ಜಿಲೇಬಿಗಳಿಂದ ಕೆರೆ ತುಂಬಿದರೆ ನೀರಿನಲ್ಲಿ ಮೀನಿಗೆ ಬರವಿಲ್ಲ, ಬುಟ್ಟಿಯಲ್ಲಿ ಮಾತ್ರ ಬೆಲೆಯ ಮೀನಿಲ್ಲ. ಗಾಳ ಹಾಕಿ ಕೂತ ಹುಡುಗರಿಗೆ ನಿಮಿಷಕ್ಕೊಂದು ಕಚ್ಚುತ್ತದೆ, ಅವರಿಗೆ ಈ ಕೆರೆಯಷ್ಟು ಒಳ್ಳೆಯದು ಇನ್ನೊಂದಿಲ್ಲ ಅನ್ನಿಸುತ್ತದೆ.

ಕೆರೆಯ ಸ್ವಂತ ಮಕ್ಕಳೂ ಇದ್ದಾರೆ. ಕೊರವ, ಚೇಳು ಮೀನು, ಪುಂಟಿಯಸ್ ಗುಂಪಿನ ಸಣ್ಣ ಸಣ್ಣ ಮೀನುಗಳು. ಕೊರವ ಗಾಳಿಯನ್ನೇ ಉಸಿರಾಡಬಲ್ಲದು, ಕೆರೆ ಬತ್ತಿದರೆ ಕೆಸರಿನಲ್ಲಿ ಹುದುಗಿ ಮಳೆಗೆ ಕಾಯುತ್ತದೆ. ಮೀನು ಸಾಕಣೆಯವರ ಪುಸ್ತಕದಲ್ಲಿ ಕೊರವ, ಚೇಳು ಮೀನು ಬೇಟೆ ಮೀನುಗಳು, ಸಣ್ಣವು ಕಳೆ ಮೀನುಗಳು, ಎಲ್ಲವೂ ಬೇಡದವು. ಬಿತ್ತನೆಗೆ ಮೊದಲು ಹೊಂಡಗಳಿಗೆ ಹಿಪ್ಪೆ ಹಿಂಡಿ ಹಾಕಿ ಇವುಗಳನ್ನು ಕೊಲ್ಲುವ ಕ್ರಮವೂ ಇದೆ. ಅದರಲ್ಲಿರುವ ಸಪೋನಿನ್ ಮೀನಿನ ರಕ್ತಕಣಗಳನ್ನು ಒಡೆಯುತ್ತದೆ. ಹೊಂಡಕ್ಕೆ ಅದು ಸರಿ ಇರಬಹುದು. ಊರ ಕೆರೆಯನ್ನು ಹೊಂಡದಂತೆ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಚಳಿಗಾಲದಲ್ಲಿ ಹದಿನಾರು ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಆ ಬಾತುಗಳಿಗೆ ಹುಲ್ಲು, ಗದ್ದೆಯ ಕಾಳು ಸಾಕು. ಆದರೆ ಅದೇ ನೀರಿನಲ್ಲಿ ಮುಳುಗುವ ನೀರುಕಾಗೆ, ಅಂಚಿನಲ್ಲಿ ನಿಲ್ಲುವ ಬೆಳ್ಳಕ್ಕಿ, ಕೊಕ್ಕರೆಗಳು ತಿನ್ನುವುದು ಈ ಬೆರಳುದ್ದದ ಕಳೆ ಮೀನುಗಳನ್ನು. ಎರಡು ಕಿಲೋದ ಕಾಟ್ಲ ಯಾವ ಬೆಳ್ಳಕ್ಕಿಯ ಗಂಟಲಿಗೂ ಇಳಿಯುವುದಿಲ್ಲ.

ಇನ್ನು ಬೆಳಗಿನ ಸಾವಿನ ವಿಷಯ. ಬೇಸಿಗೆಯಲ್ಲಿ ಕೆರೆಯೊಂದರಲ್ಲಿ ರಾತ್ರೋರಾತ್ರಿ ಮೀನು ಸತ್ತು ತೇಲಿದರೆ ಊರಿಗೆ ಮೊದಲು ಹೊಳೆಯುವುದು ಯಾರೋ ವಿಷ ಹಾಕಿದರು ಎಂದು. ಕೆಲವೊಮ್ಮೆ ಅದು ನಿಜವೇ. ಮೀನಿಗೆ ವಿಷ, ಸಿಡಿಮದ್ದು ಬಳಸಬಾರದು ಎಂದು ಈ ದೇಶದಲ್ಲಿ 1897ರಷ್ಟು ಹಿಂದೆಯೇ ಕಾನೂನು ಮಾಡಬೇಕಾಯಿತು ಎಂದರೆ ಆ ಚಟ ಹೊಸದಲ್ಲ. ಆದರೆ ಬಹಳಷ್ಟು ಸಲ ಕೊಲೆಗಾರ ಹೊರಗಿನವನಲ್ಲ. ನೀರಿನ ಹಸಿರೇ ಕೊಲ್ಲುತ್ತದೆ.

ಸುಮಾರು 30 ಡಿಗ್ರಿ ಬಿಸಿಯ ನೀರು ಲೀಟರಿಗೆ ಏಳೂವರೆ ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಗಾಳಿಯಿಂದ ಹಿಡಿದಿಟ್ಟುಕೊಳ್ಳಬಲ್ಲದು. ನೀರು ಬಿಸಿಯಾದಷ್ಟೂ ಇದು ಇಳಿಯುತ್ತದೆ, ಅದೇ ಹೊತ್ತಿಗೆ ಮೀನಿನ ಉಸಿರಾಟದ ಅಗತ್ಯ ಏರುತ್ತದೆ. ಊರ ಚರಂಡಿ, ಗದ್ದೆಯ ಬಸಿನೀರು ತಂದ ಸಾರಜನಕ, ರಂಜಕ ಉಂಡು ಪಾಚಿ ದಟ್ಟವಾದ ಕೆರೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಆಮ್ಲಜನಕ 10 ಮಿಲಿಗ್ರಾಂ ದಾಟುವುದೂ ಉಂಟು. ಹಗಲು ಹತ್ತು ಗಂಟೆಗೆ ಬಂದು ನೀರು ಪರೀಕ್ಷೆ ಮಾಡಿಕೊಂಡು ಹೋದ ಅಧಿಕಾರಿಗೆ ಎಲ್ಲವೂ ಚೆನ್ನಾಗಿದೆ ಎಂದೇ ಕಾಣುತ್ತದೆ. ಕತ್ತಲಾದ ಮೇಲೆ ಪಾಚಿ ಉತ್ಪಾದನೆ ನಿಲ್ಲಿಸಿ, ಮೀನಿನ ಜೊತೆಗೇ ಉಸಿರಾಡತೊಡಗುತ್ತದೆ. ಕೆರೆಯ ತಳದ ಕೆಸರಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳೂ ಪಾಲು ಕೇಳುತ್ತವೆ. ಗೆಂಡೆಗಳು ನೆಮ್ಮದಿಯಾಗಿರಲು ನಾಲ್ಕೈದು ಮಿಲಿಗ್ರಾಂ ಬೇಕು. ಕೋಳಿ ಕೂಗುವ ಹೊತ್ತಿಗೆ ಅದು ಎರಡಕ್ಕಿಂತ ಕೆಳಗಿಳಿದರೆ ಮೀನುಗಳು ಮೇಲಕ್ಕೆ ಬಂದು ನೀರಿನ ಮೇಲ್ಪದರಕ್ಕೆ ಬಾಯಿ ಹಚ್ಚಿ ತೆರೆದು ಮುಚ್ಚಿ ಮಾಡುತ್ತವೆ. ಮೋಡ ಕವಿದ ಎರಡು ದಿನ ಸಾಕು, ಬಾಕಿ ತೀರದೆ ಸಾವು ಬರಲು. ಮೊದಲ ಬಿರುಮಳೆ ತಳದ ಕೆಟ್ಟ ನೀರನ್ನು ಕಲಕಿ ಮೇಲಕ್ಕೆ ತಂದರೂ ಅಷ್ಟೇ.

ಸಾಮಾನ್ಯವಾಗಿ ಮೊದಲು ಸಾಯುವುದು ದೊಡ್ಡವು. ಚಿಕ್ಕ ಮೀನು ಕೆರೆಯ ಮೇಲ್ಪದರದ ತೆಳು ನೀರಿನಲ್ಲೇ ಹೇಗೋ ದಿನ ದೂಡುತ್ತದೆ, ಜಿಲೇಬಿ ಬಹಳ ಕಡಿಮೆ ಆಮ್ಲಜನಕದಲ್ಲೂ ತಾಳುತ್ತದೆ, ಕೊರವಕ್ಕಂತೂ ಚಿಂತೆಯೇ ಇಲ್ಲ. ಹಾಗಾಗಿ ಒಂದು ರಾತ್ರಿಯ ಉಸಿರುಕಟ್ಟುವಿಕೆ ಕೆರೆಯ ಜನಸಂಖ್ಯೆಯನ್ನು ಬರೀ ಕಡಿಮೆ ಮಾಡುವುದಿಲ್ಲ, ಅದರ ರಚನೆಯನ್ನೇ ತಿರುವಿ ಹಾಕುತ್ತದೆ. ಮರುವರ್ಷದ ತೂಕ ಮತ್ತೆ ಮೊದಲಿನಷ್ಟೇ ಬಂದೀತು, ಬೇರೆ ಮೀನಿನದು.

ಹಾಗಿದ್ದರೆ ಏನನ್ನು ಅಳೆಯಬೇಕು? ಒಂದು ತಕ್ಕಡಿಯ ಜೊತೆ ಒಂದು ಅಳತೆಪಟ್ಟಿ ಸೇರಿದರೆ ಬಹಳಷ್ಟು ತಿಳಿಯುತ್ತದೆ. ಮೀನಿನ ಉದ್ದ ಎರಡರಷ್ಟಾದರೆ ತೂಕ ಎಂಟರಷ್ಟಾಗಬೇಕು, ಮೈಯ ಆಕಾರ ಬದಲಾಗದಿದ್ದರೆ. ಗ್ರಾಮಿನಲ್ಲಿ ತೂಕವನ್ನು ನೂರರಿಂದ ಗುಣಿಸಿ, ಸೆಂಟಿಮೀಟರಿನಲ್ಲಿ ಉದ್ದದ ಘನದಿಂದ ಭಾಗಿಸಿದರೆ ಬರುವ ಸಂಖ್ಯೆ ಮೀನಿನ ಮೈದುಂಬಿಕೆಯ ಸೂಚಿ. 50 ಸೆಂಟಿಮೀಟರ್ ಉದ್ದದ ಮೀನು 1,875 ಗ್ರಾಂ ತೂಗಿದರೆ ಸೂಚಿ 1.5. ಅದೇ ಜಾತಿಯ, ಅದೇ ಉದ್ದದ ಮೀನು ಪಕ್ಕದ ಕೆರೆಯಲ್ಲಿ ಒಂದೇ ಕಿಲೋ ಇದ್ದರೆ 0.8. ತಲೆ ದೊಡ್ಡದು, ಮೈ ಸೊರಗಿದೆ. ಆ ಕೆರೆಯಲ್ಲಿ ಮೀನು ಹೆಚ್ಚಾಗಿದೆ, ಇಲ್ಲವೇ ಮೇವು ಕಡಿಮೆಯಾಗಿದೆ. ಒಂದೇ ಜಾತಿಯನ್ನು, ಒಂದೇ ಋತುವಿನಲ್ಲಿ ಹೋಲಿಸಬೇಕು ಎಂಬುದನ್ನು ಮರೆಯಬಾರದು. ಕಾಟ್ಲದ ದಪ್ಪ ಮೈಯನ್ನು ಮೃಗಾಲ್‌ನ ಉದ್ದ ಮೈಗೆ ಹೋಲಿಸಿದರೆ ಲೆಕ್ಕ ಹಾದಿ ತಪ್ಪುತ್ತದೆ. ಯಾವ ಜಾತಿ ಸೊರಗಿದೆ ಎಂಬುದೂ ಒಂದು ಸುಳಿವು. ಕಾಟ್ಲದ ಬಾಯಿ ಮೇಲ್ಮುಖ, ಅದು ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸುತ್ತದೆ. ರೋಹು ನಡುನೀರಿನದು. ಮೃಗಾಲ್ ತಳ ಕೆದಕುತ್ತದೆ. ಕಾಟ್ಲ ಸೊರಗಿ ಮೃಗಾಲ್ ದುಂಡಗಿದ್ದರೆ ಮೇಲಿನ ಅಂಗಳದಲ್ಲಿ ಪೈಪೋಟಿ ಇದೆ ಎಂದರ್ಥ.

ನೂರಿನ್ನೂರು ಮೀನಿನ ಉದ್ದವನ್ನು ಬರೆದು, ಯಾವ ಉದ್ದದವು ಎಷ್ಟು ಎಂದು ಚಿತ್ರ ಬರೆದರೆ ಗುಡ್ಡಗಳ ಸಾಲು ಏಳುತ್ತದೆ. ಬಿತ್ತನೆ ಕೆರೆಯಲ್ಲಿ ಒಂದೊಂದು ಗುಡ್ಡವೂ ಒಂದೊಂದು ವರ್ಷ ಬಿಟ್ಟ ಮರಿ. ನಡುವೆ ಒಂದು ಗುಡ್ಡವೇ ಇಲ್ಲದಿದ್ದರೆ ಆ ವರ್ಷದ ಮರಿ ಎಲ್ಲಿ ಹೋಯಿತು ಎಂದು ಕೇಳಬಹುದು: ದಾರಿಯಲ್ಲೇ ಸತ್ತ ಮರಿಯನ್ನು ಬಿಟ್ಟರೇ, ತೀರ ಎಳೆಯ ಮರಿ ಬಿಟ್ಟು ಕೊರವದ ಹೊಟ್ಟೆ ತುಂಬಿಸಿದರೇ, ಕೋಡಿ ಬಿದ್ದು ಹರಿದು ಹೋಯಿತೇ? ಕಾಗದದ ಮೇಲೆ ಲಕ್ಷ ಮರಿ ಬಿಟ್ಟಿರುತ್ತಾರೆ. ಗುಡ್ಡ ಸುಳ್ಳು ಹೇಳುವುದಿಲ್ಲ. ಬಲೆ ಮಾತ್ರ ಹೇಳಬಹುದು. ನಿಲ್ಲಿಸುವ ಬಲೆಯ ಕಣ್ಣಿಗೆ ತಕ್ಕ ದಪ್ಪದ ಮೀನಷ್ಟೇ ಸಿಕ್ಕಿಕೊಳ್ಳುತ್ತದೆ, ಚಿಕ್ಕದು ತೂರಿ ಹೋಗುತ್ತದೆ, ದೊಡ್ಡದು ಮೂತಿ ತಾಗಿಸಿ ಹಿಂದಿರುಗುತ್ತದೆ. ಒಂದೇ ಕಣ್ಣಿನ ಬಲೆಯಲ್ಲಿ ಗಣತಿ ಮಾಡಿದರೆ ಕೆರೆಯ ಮೀನೆಲ್ಲ ಒಂದೇ ಅಳತೆಯವು ಎಂದು ತೋರುತ್ತದೆ. ಹಾಗೆಯೇ ಹಿಡಿದ ಮೀನಿನ ಲೆಕ್ಕದ ಪಕ್ಕದಲ್ಲಿ ಹಿಡಿಯಲು ಹಿಡಿದ ಹೊತ್ತನ್ನೂ ಬರೆಯಬೇಕು. ಕಳೆದ ವರ್ಷ ಒಂದು ತೆಪ್ಪ ಒಂದು ರಾತ್ರಿಯಲ್ಲಿ ತಂದದ್ದನ್ನು ಈ ವರ್ಷ ಮೂರು ತೆಪ್ಪ ತಂದರೆ ಒಟ್ಟು ಅಷ್ಟೇ, ಕೆರೆ ಅಷ್ಟೇ ಅಲ್ಲ.

ಒಟ್ಟು ಲೆಕ್ಕ ಮೋಸ ಮಾಡುತ್ತದೆ ಎಂಬ ಮಾತಿಗೆ ನನಗೆ ಗೊತ್ತಿರುವ ಅತ್ಯಂತ ಕಹಿ ಪುರಾವೆ ಕೆರೆಯದಲ್ಲ, ನಂಜನಗೂಡು, ತಿ. ನರಸೀಪುರಗಳನ್ನು ಬೆಸೆಯುವ ಕಪಿಲೆಯದು, ಅಂದರೆ ಕಬಿನಿ ಹೊಳೆಯದು.

1946ರ ಮಾರ್ಚ್ 22ರಂದು ಮೈಸೂರಿನ ವಾನ್ ಇಂಗೆನ್ ಕುಟುಂಬದ ಜೆ. ಡಿ ವೆಟ್ ವಾನ್ ಇಂಗೆನ್ ಕಪಿಲೆಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತು, 54 ಕಿಲೋಗೂ ಮೇಲೆ. ಬೇಟೆಯ ಪ್ರಾಣಿಗಳ ಚರ್ಮ ತುಂಬುವುದರಲ್ಲಿ ಲೋಕಪ್ರಸಿದ್ಧವಾಗಿದ್ದ ಕುಟುಂಬ ಅದು. ಗಾಳದ ಮಹಶೀರ್‌ಗಳಲ್ಲಿ ಅದನ್ನು ಮೀರಿಸಿದ ದಾಖಲೆ ಇಲ್ಲ. ಕಾವೇರಿ ದಂಡೆಯವರು ಬಿಳಿಮೀನು ಎನ್ನುವ ಈ ಬಳಗದಲ್ಲಿ ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಈ ದೈತ್ಯ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ.

ಬಿಳಿಮೀನಿಗೆ ಬೇಕಾದದ್ದು ಗೆಂಡೆಗೆ ಬೇಕಾದದ್ದೇ, ಇನ್ನೂ ಕಟ್ಟುನಿಟ್ಟಾಗಿ: ತಣ್ಣಗೆ ಹರಿಯುವ, ಆಮ್ಲಜನಕ ತುಂಬಿದ ನೀರು, ಬೇಸಿಗೆಗೆ ಆಳದ ಮಡು, ಮೊಟ್ಟೆಗೆ ಜಲ್ಲಿಕಲ್ಲಿನ ತಳ, ಮುಂಗಾರಿನ ಮೊದಲ ನೆರೆಗೆ ಮೇಲಕ್ಕೆ ಏರುವ ದಾರಿ. ಮಲೆನಾಡಿನವರು ಹತ್ತುಮೀನು ಎನ್ನುವ ಆ ಏರಾಟ ಇಲ್ಲಿಯೂ ಇತ್ತು. ಹುಲ್ಲಹಳ್ಳಿಯ ಅಣೆ, ತಲಕಾಡಿನ ಬಳಿಯ ಮಾಧವಮಂತ್ರಿ ಅಣೆ ಹಳೆಯವು, ತಗ್ಗಾದವು, ನೆರೆಯಲ್ಲಿ ಮುಳುಗುತ್ತವೆ. 1974ರಲ್ಲಿ ಬೀಚನಹಳ್ಳಿಯಲ್ಲಿ ಮುಗಿದ ಕಬಿನಿ ಅಣೆಕಟ್ಟು ಹಾಗಲ್ಲ. ಅದನ್ನು ಏರುವ ಮೀನು ಇನ್ನೂ ಹುಟ್ಟಿಲ್ಲ. ಗೋಡೆಗಿಂತ ದೊಡ್ಡ ತೊಡಕು ಕಾಲದ್ದು. ವಯನಾಡಿನ ಜೂನ್ ಮಳೆ ಮೊದಲು ತುಂಬುವುದು 19.52 ಟಿಎಂಸಿಯ ಜಲಾಶಯವನ್ನು. ನಂಜನಗೂಡಿನ ಸೇತುವೆಯ ಕೆಳಗೆ ಹೆಣ್ಣು ಮೀನು ಕಾಯುವ ಮೊದಲ ಕೆಂಪು ನೀರು ಬರುವುದಿಲ್ಲ. ಜಲಾಶಯ ತುಂಬಿದ ಮೇಲೆ ಒಮ್ಮೆಲೆ ಗೇಟು ತೆರೆದ ನೀರು ಬರುತ್ತದೆ. ಊರಿನ ಮತ್ತು ಕಾರ್ಖಾನೆ ಪ್ರದೇಶದ ಹೊಲಸು ಇದರ ಮೇಲೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿ ಹರಿವುಗಳನ್ನು ಪಟ್ಟಿ ಮಾಡಿದಾಗ ಕರ್ನಾಟಕದ 17ರಲ್ಲಿ ನಂಜನಗೂಡಿನ ಕೆಳಗಿನ ಕಬಿನಿಯೂ ಇತ್ತು.

ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಯನ್ನು ಸೇರಿ, ಶಿವನಸಮುದ್ರದಲ್ಲಿ ಧುಮುಕಿ, ಮುಂದೆ ಕನಕಪುರದ ಕಡೆಯ ಕಾಡಿನಲ್ಲಿ ಹರಿಯುವಲ್ಲಿ ಗಾಳಿಬೋರೆ ಇದೆ. ಅಲ್ಲಿ ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೇ ಬಿಡುವ ಗಾಳದವರು ವರ್ಷಗಟ್ಟಲೆ ದಾಖಲೆ ಇಟ್ಟಿದ್ದರು: ಎಷ್ಟು ಗಂಟೆ ಕೂತರು, ಎಷ್ಟು ಸಿಕ್ಕಿತು, ಎಷ್ಟು ತೂಗಿತು, ಯಾವ ಬಣ್ಣದ್ದು. 1998ರಿಂದ 2012ರವರೆಗೆ, 23 ಸಾವಿರ ಗಂಟೆಗೂ ಮಿಕ್ಕಿ, 6 ಸಾವಿರಕ್ಕೂ ಹೆಚ್ಚು ಮೀನು. ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಆ ಪುಸ್ತಕಗಳನ್ನು ಬಿಡಿಸಿ 2015ರಲ್ಲಿ ಪ್ರಕಟಿಸಿದರು. ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರುತ್ತಲೇ ಹೋಗಿತ್ತು. ರಕ್ಷಣೆ ಫಲಿಸಿತು ಎಂದು ಸಂಭ್ರಮಿಸಬೇಕಾದ ಗೆರೆ ಅದು. ಸರಾಸರಿ ತೂಕ ಮಾತ್ರ ಇಳಿಯುತ್ತ ಬಂದಿತ್ತು. ಜಾತಿ ಬೇರ್ಪಡಿಸಿ ನೋಡಿದಾಗ ಗುಟ್ಟು ಬಯಲಾಯಿತು. ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಗೂನುಬೆನ್ನಿನದು ಅಳಿಯುತ್ತಿತ್ತು. ಆಗೊಮ್ಮೆ ಈಗೊಮ್ಮೆ ಸಿಕ್ಕವೂ ಮುದಿ ಮೀನುಗಳು. ಮರಿಗಳು ಗಾಳಕ್ಕೆ ಬರುವುದೇ ನಿಂತಿತ್ತು. ಹಿರಿಯರು ಬದುಕಿದ್ದಷ್ಟು ದಿನ ಸಂತತಿ ಇದ್ದಂತೆ ಕಾಣುತ್ತದೆ, ಮಹಶೀರ್‌ನಂಥ ದೀರ್ಘಾಯುಷಿಗೆ ಆ ದಿನಗಳು ಬಹಳ.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಟಾರ್ ಖುದ್ರಿ ಎಂಬ ಅದು ಕೃಷ್ಣಾ ಕಣಿವೆಯದು, 1839ರಲ್ಲಿ ಸೈಕ್ಸ್ ಪುಣೆಯ ಕಡೆಯ ನದಿಯಿಂದ ವಿವರಿಸಿದ್ದು. 1970ರ ದಶಕದಿಂದ ಲೋನಾವಳದ ಟಾಟಾ ವಿದ್ಯುತ್ ಕಂಪನಿಯ ಮರಿ ಕೇಂದ್ರದಲ್ಲಿ ಅದರ ಕೃತಕ ಸಂತಾನಾಭಿವೃದ್ಧಿ ನಡೆಯಿತು, ಮಹಶೀರ್ ಉಳಿಸಬೇಕೆಂಬ ಪ್ರೀತಿಯಿಂದಲೇ ಮರಿಗಳನ್ನು ಕಾವೇರಿಗೂ ತಂದು ಬಿಟ್ಟರು. ಆ ಹೊತ್ತಿಗೆ ಕಾವೇರಿಯ ಗೂನುಬೆನ್ನಿನದು ಯಾವ ಜಾತಿ ಎಂಬುದೇ ಸ್ಪಷ್ಟವಾಗಿರಲಿಲ್ಲ. 1873ರಲ್ಲಿ ಎಚ್.ಎಸ್. ಥಾಮಸ್ ಗಾಳಗಾರಿಕೆಯ ಪುಸ್ತಕ ಬರೆದ ಕಾಲದಿಂದಲೂ ಬಲ್ಲವರಿಗೆಲ್ಲ ಗೊತ್ತಿದ್ದ ಮೀನಿಗೆ ವೈಜ್ಞಾನಿಕ ಹೆಸರು ಸ್ಪಷ್ಟವಾದದ್ದು 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯ ಚಿಕ್ಕ ಗಾತ್ರದ ಮೀನುಗಳನ್ನು ನೋಡಿ 2007ರಲ್ಲಿ ಟಾರ್ ರೆಮಾದೇವಿ ಎಂದು, ಮೀನುತಜ್ಞೆ ಕೆ. ರೆಮಾದೇವಿಯವರ ಗೌರವಕ್ಕೆ, ಹೆಸರಿಟ್ಟಿದ್ದರು. ಆ ಪುಟ್ಟ ಮೀನೇ ಈ ದೈತ್ಯನ ಎಳೆಯ ರೂಪ ಎಂದು ಗೊತ್ತಾಗಲು ಹನ್ನೊಂದು ವರ್ಷ ಹಿಡಿಯಿತು. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದ ಕೆಂಪು ಪಟ್ಟಿ ಸೇರಿತು. ಅಲ್ಲಿಯವರೆಗೆ, ಹೆಸರಿಲ್ಲದ ಮೀನನ್ನು ಯಾವ ಕಾನೂನಿನ ಯಾವ ಅನುಸೂಚಿಯಲ್ಲಿ ಸೇರಿಸಬಹುದಿತ್ತು?

ಗಾಳಿಬೋರೆಯ ದಾಖಲೆಯಲ್ಲಿ ಮೀನಿನ ಬಣ್ಣವನ್ನು ಬರೆಯದೆ ಒಟ್ಟು ಸಂಖ್ಯೆಯನ್ನಷ್ಟೇ ಬರೆದಿದ್ದರೆ ಈ ಕಥೆಯೇ ಗೊತ್ತಾಗುತ್ತಿರಲಿಲ್ಲ. ನಮ್ಮ ಕೆರೆಗಳ ಪುಸ್ತಕದಲ್ಲಿ ಈಗಲೂ ಇರುವುದು ಅಷ್ಟೇ.

ಕೆರೆಗೂ ಹೊಳೆಗೂ ಒಂದೇ ಮದ್ದು ಹಚ್ಚುವುದು ಇಲಾಖೆಗಳ ಹಳೆಯ ರೂಢಿ: ಎರಡಕ್ಕೂ ಮರಿ ಬಿಡುವುದು. ಕೆರೆಗೆ ಅದು ಸರಿಯಾದ ಮದ್ದೇ. ಬೆರಳುದ್ದ ಬೆಳೆಸಿದ ಮರಿ ಬಿಟ್ಟು, ಚರಂಡಿಯ ಬಾಯಿ ತಿರುಗಿಸಿ, ಜಿಲೇಬಿಯನ್ನು ಆಗಾಗ ಸಣ್ಣ ಕಣ್ಣಿನ ಬಲೆಯಲ್ಲಿ ಬಾಚಿ, ಗೆಂಡೆಗೆ ದೊಡ್ಡ ಕಣ್ಣಿನ ಬಲೆಯನ್ನೇ ಬಳಸಿದರೆ ಬೆಳೆ ಬರುತ್ತದೆ. ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ಹೊಂಡಗಳಿಂದ ಕೋಡಿ ದಾಟಿ ಬಾರದಂತೆ ಕಾಯುವುದೂ ಈ ಲೆಕ್ಕಕ್ಕೇ ಸೇರಬೇಕು. ಹೊಳೆಗೆ ಮರಿಗಿಂತ ಮೊದಲು ಬೇಕಾದದ್ದು ನೀರಿನ ವೇಳಾಪಟ್ಟಿ. ಜೂನ್ ತಿಂಗಳ ಒಳಹರಿವಿನಲ್ಲಿ ಒಂದು ಪಾಲನ್ನು ಬೀಚನಹಳ್ಳಿಯಿಂದ ಕೆಳಗೆ ಕೆಲವು ದಿನ ನೆರೆಯಂತೆ ಬಿಟ್ಟರೆ ನಾಲೆಗೆ ನಷ್ಟ ಎಷ್ಟು, ಮೊಟ್ಟೆ ಬಿದ್ದದ್ದು ಎಷ್ಟು ಎಂದು ಅಳೆದು ನೋಡಬಹುದು. ಅದೇ ವಾರಗಳಲ್ಲಿ ಹುಲ್ಲಹಳ್ಳಿ ಮತ್ತು ತಲಕಾಡಿನ ಅಣೆಗಳ ಬುಡದಲ್ಲಿ ಮೊಟ್ಟೆ ತುಂಬಿದ ಮೀನಿಗೆ ಹಾಕುವ ಬಲೆಯನ್ನು ತಡೆಯಬೇಕಾಗುತ್ತದೆ. ಆ ದಿನಗಳ ಕೂಲಿಯನ್ನು ಬೆಸ್ತರಿಗೆ ಕೊಡದೆ ಬರೀ ಪೊಲೀಸರನ್ನು ಕಳಿಸುವುದರಲ್ಲಿ ಅರ್ಥವಿಲ್ಲ.

ಬಿಳಿಮೀನಿನ ಮರಿ ಬಿಡಲೇಬೇಕೆಂದರೆ, ಅದರ ತಾಯಿ ಯಾವ ಹೊಳೆಯದು ಎಂಬ ಕಾಗದ ಚೀಲದ ಜೊತೆ ಬರಬೇಕು. ಗೂನುಬೆನ್ನಿನ ಮೀನುಗಳು ಇನ್ನೂ ಉಳಿದಿರುವುದಾಗಿ ದಾಖಲಾದ ಹೊಳೆಗಳಲ್ಲಿ ಮೊಯಾರ್ ಒಂದು. ಬಂಡೀಪುರದ ದಕ್ಷಿಣದ ಗಡಿಯಲ್ಲಿ ಹರಿದು ಭವಾನಿಯ ಮೂಲಕ ಕಾವೇರಿಗೇ ಸೇರುತ್ತದೆ. ನಂಜನಗೂಡಿನಿಂದ ಊಟಿ ರಸ್ತೆಯಲ್ಲಿ ಹೋದರೆ ಎರಡು ಮೂರು ಗಂಟೆಯ ದಾರಿ.